ಮಲೆನಾಡಿನ ಕಾಡಿನಲ್ಲಿ ಓಕ್ ಮರ ಇದೆಯೇ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು. ಕಾಫಿ ತೋಟದಲ್ಲಿ ಅಪ್ಪನ ಕಾಲದಲ್ಲಿ ನೆಟ್ಟ ಸಿಲ್ವರ್ ಓಕ್ ಮರಗಳಿವೆ. ಕಳೆದ ತಿಂಗಳು ಮಸ್ಸೂರಿಗೆ ಹೋಗಿದ್ದಾಗ ಅಲ್ಲಿಯವರು ಓಕ್ ಎಂದು ತೋರಿಸಿದ ಮರಕ್ಕೂ ನಮ್ಮ ಮರಕ್ಕೂ ಯಾವ ಹೋಲಿಕೆಯೂ ಕಾಣಲಿಲ್ಲ. ಆದರೆ ಆಗುಂಬೆಯ ಕಾಡುದಾರಿಯಲ್ಲಿ ಪುಟ್ಟ ಬಟ್ಟಲಿನಲ್ಲಿ ಕೂರಿಸಿದಂತಿದ್ದ ಕಾಯಿಗಳು ಸಿಕ್ಕಿದವು. ಅವು ಮಸ್ಸೂರಿಯ ಓಕ್ ಕಾಯಿಗಳಂತೆಯೇ ಇದ್ದವು, ಮೊಬೈಲಿನ ಆ್ಯಪ್ ಕೂಡ ಓಕ್ ಎಂದೇ ಹೇಳಿತು. ನಮ್ಮ ಕಾಡಿನಲ್ಲಿ ಓಕ್ ಇದೆಯೇ? ಗುರುತಿಸುವುದು ಹೇಗೆ? ನಮ್ಮ ಸಿಲ್ವರ್ ಓಕ್ ನಾಟಾದಿಂದ ‘ಓಕ್ ಮೇಜು’ ಮಾಡಿಕೊಡುವುದಾಗಿ ಬಡಗಿ ಹೇಳುತ್ತಿದ್ದಾರೆ, ಅದು ಸರಿಯೇ? ಮಗಳು ಮಸ್ಸೂರಿಯಿಂದ ತಂದ ಕಾಯಿಗಳನ್ನು ತೋಟದಲ್ಲಿ ನೆಡಬೇಕೆಂದು ಹಟ ಹಿಡಿದಿದ್ದಾಳೆ. ಬೆಳೆಯುತ್ತವೆಯೇ?

ಉತ್ತರ: ಮಲೆನಾಡಿನ ಕಾಡಿನಲ್ಲಿ ಓಕ್ ಇಲ್ಲ. ಪಶ್ಚಿಮಘಟ್ಟದ ಉದ್ದಕ್ಕೂ ಎಲ್ಲಿ ಹುಡುಕಿದರೂ ತಾನಾಗಿ ಬೆಳೆದ ಓಕ್ ಸಿಗುವುದಿಲ್ಲ. ಓಕ್ ಸೇರಿರುವ ಫಾಗೇಸಿ ಕುಟುಂಬದ ಯಾವ ಮರವೂ ಈ ಬೆಟ್ಟಗಳ ಸ್ವಂತದ್ದಲ್ಲ. ನಿಮ್ಮ ತೋಟದ ಸಿಲ್ವರ್ ಓಕ್ ಆಸ್ಟ್ರೇಲಿಯದಿಂದ ಬಂದದ್ದು, ಅದಕ್ಕೂ ಓಕ್‌ಗೂ ನಂಟಿಲ್ಲ. ಆಗುಂಬೆಯಲ್ಲಿ ಸಿಕ್ಕ ಬಟ್ಟಲ ಕಾಯಿ ಬಹುತೇಕ ದಾಲ್ಚಿನ್ನಿಯ ಕುಟುಂಬದ್ದು. ಆದರೂ ನೀವು ನೋಡಬೇಕಾದ ಕಡೆಯೇ ನೋಡಿದ್ದೀರಿ. ಓಕ್ ಮರವನ್ನು ಹಿಡಿದುಕೊಡುವುದು ಆ ಬಟ್ಟಲೇ. ಎಲೆಯನ್ನೋ ಹೆಸರನ್ನೋ ನಂಬಿ ಹೊರಟವರು ದಾರಿ ತಪ್ಪುತ್ತಾರೆ. ನೀವು ಕಾಯಿಯನ್ನು ಕೈಗೆತ್ತಿಕೊಂಡಿರಿ, ಇನ್ನು ಅದನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಸಾಕು.

ಓಕ್ ಎಂದರೆ ಕ್ವೆರ್ಕಸ್ ಎಂಬ ಕುಲ. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಹೆಸರನ್ನು ಸಸ್ಯಶಾಸ್ತ್ರದ ಪಟ್ಟಿಗೆ ಸೇರಿಸಿದ. ಇಂದು ಸುಮಾರು 430 ಪ್ರಭೇದಗಳನ್ನು ಈ ಕುಲದಲ್ಲಿ ಎಣಿಸುತ್ತಾರೆ. ಹೆಚ್ಚಿನವು ಉತ್ತರ ಗೋಳಾರ್ಧದಲ್ಲಿವೆ, ಮೆಕ್ಸಿಕೊ ಮತ್ತು ಚೀನಾ ಇವುಗಳ ದೊಡ್ಡ ನೆಲೆಗಳು. ಈ ನೂರಾರು ಮರಗಳ ಎಲೆಗಳನ್ನು ಒಂದೆಡೆ ಹರಡಿಟ್ಟರೆ ಇವೆಲ್ಲ ಒಂದೇ ಕುಲದವು ಎಂದು ಯಾರೂ ಒಪ್ಪುವುದಿಲ್ಲ. ಚಿತ್ರಗಳಲ್ಲಿ ಕಾಣುವ, ಅಂಚು ಅಲೆಅಲೆಯಾಗಿ ಸೀಳಿದ ಎಲೆ ಯುರೋಪಿನ ಓಕ್‌ಗಳದ್ದು. ಅಮೆರಿಕದ ಕೆಂಪು ಓಕ್‌ಗಳಲ್ಲಿ ಪ್ರತಿ ಸೀಳಿನ ತುದಿಯಲ್ಲೂ ಬಿರುಗೂದಲಿನಂಥ ಮೊನೆ ಇರುತ್ತದೆ. ಹಿಮಾಲಯದ ಹೆಚ್ಚಿನ ಓಕ್‌ಗಳಲ್ಲಿ ಎಲೆ ಸೀಳುವುದೇ ಇಲ್ಲ. ಗರಗಸದಂಥ ಅಂಚಿನದ್ದೂ ಉಂಟು, ಮುಳ್ಳಂಚಿನದ್ದೂ ಉಂಟು, ಮಾವಿನೆಲೆಯಂತೆ ನುಣುಪಾದ ಅಂಚಿನದ್ದೂ ಉಂಟು. ಸಾಲದೆಂಬಂತೆ ಅಕ್ಕಪಕ್ಕದ ಪ್ರಭೇದಗಳು ಪರಸ್ಪರ ಸಂಕರವಾಗಿ ನಡುವಿನ ರೂಪಗಳನ್ನೂ ಹುಟ್ಟಿಸುತ್ತವೆ.

ಇಷ್ಟೆಲ್ಲ ವೈವಿಧ್ಯದ ನಡುವೆ ಬದಲಾಗದ ಗುರುತುಗಳು ಕೆಲವೇ. ಎಲೆಗಳು ಬಿಡಿಯಾಗಿದ್ದು ಒಂದಾದ ಮೇಲೊಂದು ಎಡಬಲಕ್ಕೆ ಬರುತ್ತವೆ, ಎದುರುಬದುರು ಜೋಡಿಯಾಗಿ ಬರುವುದಿಲ್ಲ. ರೆಂಬೆಯ ತುದಿಯಲ್ಲಿ ಒಂದೇ ಮೊಗ್ಗಿನ ಬದಲು ಮೊಗ್ಗುಗಳ ಗುಂಪೇ ಇರುತ್ತದೆ. ಎಳೆಯ ರೆಂಬೆಯನ್ನು ಅಡ್ಡಲಾಗಿ ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದರೆ ನಡುವಿನ ಬೆಂಡು ಐದು ಮೂಲೆಯ ನಕ್ಷತ್ರದಂತೆ ಕಾಣುತ್ತದೆ. ಗಂಡು ಹೂವು, ಹೆಣ್ಣು ಹೂವು ಒಂದೇ ಮರದಲ್ಲಿ ಬೇರೆಬೇರೆಯಾಗಿರುತ್ತವೆ. ಗಂಡು ಹೂಗಳು ದಾರದಂತೆ ಜೋತುಬಿದ್ದ ಗೊಂಚಲುಗಳಲ್ಲಿ ಬಿಟ್ಟು ಗಾಳಿಗೆ ಪರಾಗ ತೂರುತ್ತವೆ. ಬಣ್ಣದ ಎಸಳಾಗಲಿ ಮಕರಂದವಾಗಲಿ ಇಲ್ಲ. ಹೆಣ್ಣು ಹೂವು ತೀರಾ ಸಣ್ಣದು, ಹುಡುಕಿದರೆ ಮಾತ್ರ ಕಣ್ಣಿಗೆ ಬೀಳುತ್ತದೆ. ಅದರಿಂದ ಬೆಳೆಯುವುದೇ ಬಟ್ಟಲಿನಲ್ಲಿ ಕುಳಿತ ಕಾಯಿ. ಹೂವಿನ ಅಂಡಾಶಯದಲ್ಲಿ ಸಾಮಾನ್ಯವಾಗಿ ಆರು ಅಂಡಕಗಳಿರುತ್ತವೆ, ಐದು ಬತ್ತಿಹೋಗಿ ಒಂದೇ ಬೀಜವಾಗುತ್ತದೆ.

ಮಸ್ಸೂರಿಯಲ್ಲಿ ನೀವು ನೋಡಿದ್ದು ಬಹುಮಟ್ಟಿಗೆ ಬಾಂಜ್, ಅಂದರೆ ಕ್ವೆರ್ಕಸ್ ಲ್ಯೂಕೋಟ್ರೈಕೋಫೋರ. ಎಲೆ ಮಗುಚಿದ್ದರೆ ಕೆಳಮೈಯಲ್ಲಿ ಬಿಳಿ ಬೂದಿ ಬಣ್ಣದ ಒತ್ತಾದ ರೋಮ ಕಾಣುತ್ತಿತ್ತು. ಗಾಳಿ ಬೀಸಿದಾಗ ಆ ಬೆಟ್ಟಗಳ ಇಳಿಜಾರು ಹಸಿರು ಬಿಟ್ಟು ಬೆಳ್ಳಗೆ ಹೊರಳುವುದು ಇದರಿಂದಲೇ. ಸುಮಾರು 1,200ರಿಂದ 2,400 ಮೀಟರ್ ಎತ್ತರದವರೆಗೆ ಬಾಂಜ್ ಕಾಡಿದೆ. ಅದಕ್ಕಿಂತ ಮೇಲೆ ಹೋದಂತೆ ಮೋರು ಸಿಗುತ್ತದೆ. ಅದರ ಬಲಿತ ಎಲೆ ಎರಡೂ ಮೈಯಲ್ಲಿ ಹಸಿರು, ರೋಮ ಇರುವುದಿಲ್ಲ. ಇನ್ನೂ ಮೇಲೆ, ಹಿಮ ಬೀಳುವ ಜಾಗಗಳಲ್ಲಿ ಖರ್ಸು. ಇದರ ಎಲೆಯ ಕೆಳಮೈ ಕಂದು ಛಾಯೆಯದು. ಎಳೆಯ ಗಿಡದಲ್ಲಿ ಅಂಚೆಲ್ಲ ಮುಳ್ಳು, ಹಳೆಯ ಮರದ ಮೇಲಿನ ಕೊಂಬೆಗಳಲ್ಲಿ ನುಣುಪು ಅಂಚು. ಎರಡನ್ನು ಪಕ್ಕದಲ್ಲಿಟ್ಟರೆ ಬೇರೆಬೇರೆ ಮರಗಳೆಂದೇ ತೋರುತ್ತದೆ. ಖರ್ಸುವಿನ ಕಾಯಿ ಮಳೆಗಾಲದಲ್ಲಿ ಹಣ್ಣಾಗಿ, ಕೆಲವೊಮ್ಮೆ ಮರದಲ್ಲಿದ್ದಾಗಲೇ ಮೊಳಕೆಯೊಡೆಯುತ್ತದೆ. ತಗ್ಗಿನ ತೇವದ ಕಣಿವೆಗಳಲ್ಲಿ ಫಲಿಯಾಂಟ್ ಎಂಬ ಇನ್ನೊಂದು ಓಕ್ ಇದೆ, ಅದೇ ಕ್ವೆರ್ಕಸ್ ಗ್ಲಾಕ.

ಈ ಕೊನೆಯದರ ಬಟ್ಟಲನ್ನು ನೋಡಿದರೆ ವರ್ಗೀಕರಣ ಹೇಗೆ ನಡೆಯುತ್ತದೆ ಎಂಬುದು ಅರ್ಥವಾಗುತ್ತದೆ. ಬಾಂಜ್, ಮೋರು, ಖರ್ಸುಗಳ ಬಟ್ಟಲಿನ ಹೊರಮೈಯಲ್ಲಿ ಒಂದರ ಮೇಲೊಂದು ಹೊದಿಸಿದ ಚಿಕ್ಕ ಪೊರೆಗಳಿರುತ್ತವೆ. ಫಲಿಯಾಂಟ್‌ನ ಬಟ್ಟಲಿನಲ್ಲಿ ಅವು ಕೂಡಿಕೊಂಡು ಉಂಗುರಗಳಾಗಿವೆ, ಬಟ್ಟಲಿನ ಸುತ್ತ ಮೇಲಿಂದ ಕೆಳಕ್ಕೆ ಪಟ್ಟಿಪಟ್ಟಿಯಾಗಿ. ಉಂಗುರ ಬಟ್ಟಲಿನ ಈ ಓಕ್‌ಗಳನ್ನು ಹಿಂದೆ ಕೆಲವರು ಬೇರೆ ಕುಲವೆಂದೇ ಪರಿಗಣಿಸಿದ್ದರು. 2017ರಲ್ಲಿ ಡಿಎನ್‌ಎ, ಪರಾಗದ ಮೇಲ್ಮೈ ರಚನೆ ಮತ್ತು ಕಾಯಿಯ ಲಕ್ಷಣಗಳನ್ನು ಒಟ್ಟಿಗೆ ಇಟ್ಟುಕೊಂಡು ಮಾಡಿದ ಪರಿಷ್ಕರಣೆಯಲ್ಲಿ ಎಲ್ಲ ಓಕ್‌ಗಳನ್ನೂ ಎರಡು ಉಪಕುಲಗಳಾಗಿ, ಅವುಗಳೊಳಗೆ ಎಂಟು ವಿಭಾಗಗಳಾಗಿ ಹಂಚಲಾಯಿತು. ಕ್ವೆರ್ಕಸ್ ಉಪಕುಲದ ಬಹುಪಾಲು ಅಮೆರಿಕ ಖಂಡದಲ್ಲಿದೆ, ಅದರ ಬಿಳಿ ಓಕ್‌ಗಳು ಮಾತ್ರ ಯುರೋಪು, ಏಷ್ಯಾಗಳಲ್ಲೂ ಇವೆ. ಸೆರ್ರಿಸ್ ಉಪಕುಲ ಪೂರ್ತಿ ಹಳೆಯ ಜಗತ್ತಿನದು. ಬಾಂಜ್, ಮೋರು, ಖರ್ಸು ಮೂರೂ ಇದರ ಇಲೆಕ್ಸ್ ವಿಭಾಗಕ್ಕೆ ಸೇರುತ್ತವೆ, ಉಂಗುರ ಬಟ್ಟಲಿನವು ಸೈಕ್ಲೊಬಲನಾಪ್ಸಿಸ್ ವಿಭಾಗಕ್ಕೆ. ಎಲೆಯ ಆಕಾರವನ್ನೇ ಆಧಾರವಾಗಿ ಹಿಡಿದಿದ್ದರೆ ಈ ಗುಂಪುಗಳು ಎಂದಿಗೂ ಸಿಗುತ್ತಿರಲಿಲ್ಲ.

ಮೇಘಾಲಯ, ಡಾರ್ಜಿಲಿಂಗ್ ಕಡೆ ಹೋದರೆ ಓಕ್‌ನ ಹತ್ತಿರದ ಬಂಧುಗಳೂ ಸಿಗುತ್ತವೆ. ಕಾಸ್ಟನಾಪ್ಸಿಸ್‌ನಲ್ಲಿ ಬಟ್ಟಲು ಮುಳ್ಳಿನ ಚಿಪ್ಪಾಗಿ ಕಾಯನ್ನು ಮುಚ್ಚಿಕೊಂಡಿರುತ್ತದೆ. ಲಿಥೊಕಾರ್ಪಸ್‌ನ ಕಾಯಿ ಓಕ್ ಕಾಯಿಯನ್ನೇ ಹೋಲುತ್ತದೆ, ಆದರೆ ಹೂಗೊಂಚಲು ಜೋಲದೆ ನೆಟ್ಟಗೆ ನಿಂತು ಕೀಟಗಳನ್ನು ಕರೆಯುತ್ತದೆ.

ಈಗ ನಿಮ್ಮ ಆಗುಂಬೆಯ ಕಾಯಿಗೆ ಬರೋಣ. ಬಟ್ಟಲಿನಲ್ಲಿ ಕುಳಿತ ಕಾಯಿ ನಮ್ಮ ಕಾಡಿನಲ್ಲಿ ಕಂಡರೆ ಮೊದಲು ನೆನೆಯಬೇಕಾದದ್ದು ಲಾರೇಸಿ ಕುಟುಂಬವನ್ನು. ದಾಲ್ಚಿನ್ನಿ, ಕಾಡು ದಾಲ್ಚಿನ್ನಿಗಳು, ಲಿಟ್ಸಿಯ ಕುಲದ ಹಲವು ಮರಗಳು ಇದರಲ್ಲಿವೆ. ಅಗರಬತ್ತಿಯ ಅಂಟುಪುಡಿಗೆ ತೊಗಟೆ ಕೊಡುವ ಗುಳಮಾವು ಕೂಡ ಇದೇ ಕುಟುಂಬದ್ದು, ಆದರೆ ಅದರ ಕಾಯಿಗೆ ಬಟ್ಟಲಿಲ್ಲ, ಬುಡದಲ್ಲಿ ಹಿಂದಕ್ಕೆ ಮಡಚಿದ ದಳಗಳಷ್ಟೇ ಉಳಿದಿರುತ್ತವೆ.

ಓಕ್ ಕಾಯಿಯನ್ನೂ ಲಾರೇಸಿಯ ಬಟ್ಟಲ ಕಾಯಿಯನ್ನೂ ಬೇರೆ ಮಾಡುವ ಖಚಿತ ಗುರುತು ಕಾಯಿಯ ತುದಿಯಲ್ಲಿದೆ. ಓಕ್ ಹೂವಿನಲ್ಲಿ ಅಂಡಾಶಯ ಕೆಳಗೆ, ಹೂವಿನ ಉಳಿದ ಭಾಗಗಳು ಅದರ ನೆತ್ತಿಯ ಮೇಲೆ. ಹಾಗಾಗಿ ಬಲಿತ ಓಕ್ ಕಾಯಿಯ ತುದಿಯಲ್ಲಿ ಹೂವಿನ ಒಣಗಿದ ಅವಶೇಷ ಹೊತ್ತ ಚಿಕ್ಕ ಮೊನೆ ಉಳಿದಿರುತ್ತದೆ. ಅದರ ಬಟ್ಟಲು ಹೂವಿನ ಭಾಗವೇ ಅಲ್ಲ, ಹೂವಿನ ಹೊರಗೆ ತೊಟ್ಟಿನ ಕಡೆಯಿಂದ ಬೆಳೆದು ಬಂದದ್ದು. ದಾಲ್ಚಿನ್ನಿಯಲ್ಲಿ ಇದು ತಿರುವುಮುರುವು. ಅಲ್ಲಿ ಹೂವಿನ ಬುಡದ ಕೊಳವೆಯೇ ದಪ್ಪಗಾಗಿ ಬಟ್ಟಲಾಗುತ್ತದೆ, ಕೆಲವೊಮ್ಮೆ ಬಟ್ಟಲಿನ ಅಂಚಿನಲ್ಲಿ ದಳಗಳ ಕುರುಹು ಹಲ್ಲುಗಳಂತೆ ಉಳಿದಿರುತ್ತದೆ. ಕಾಯಿಯ ತುದಿಯಲ್ಲಿ ಹೂವಿನ ಅವಶೇಷ ಇರುವುದಿಲ್ಲ. ಜೊತೆಗೆ, ಓಕ್ ಕಾಯಿಯ ಹೊರಗೆ ಒಣ ಸಿಪ್ಪೆ, ಇದರ ಹೊರಗೆ ಮೆತ್ತನೆಯ ತಿರುಳು. ಹಣ್ಣಾದಾಗ ಕಪ್ಪು ಅಥವಾ ನೇರಳೆಗೆ ತಿರುಗಿ ಹಕ್ಕಿಗಳ ಪಾಲಾಗುತ್ತದೆ. ಎಲೆಯನ್ನು ಹಿಸುಕಿ ಮೂಸಿ ನೋಡಿ. ಘಮ ಬಂದರೆ, ಮತ್ತು ಎಲೆಯ ಬುಡದ ಹತ್ತಿರದಿಂದ ಮೂರು ದಪ್ಪ ನರಗಳು ತುದಿಯ ಕಡೆಗೆ ಹೊರಟಿದ್ದರೆ, ಅದು ದಾಲ್ಚಿನ್ನಿಯ ಕುಲ. ಓಕ್ ಎಲೆಗೆ ಇಂಥ ಪರಿಮಳವಿಲ್ಲ.

ಆ್ಯಪ್ ತಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ. ಅದು ಚಿತ್ರದ ಹೋಲಿಕೆಯನ್ನು ಹೇಳುತ್ತದೆ, ಮತ್ತು ಜಗತ್ತಿನಲ್ಲಿ ಬಟ್ಟಲ ಕಾಯಿಯ ಫೋಟೊಗಳೆಂದರೆ ಹೆಚ್ಚಿನವು ಓಕ್‌ನವೇ. ಯಾವುದೇ ಮರವನ್ನು ತಜ್ಞರಿಗೆ ತೋರಿಸಬೇಕಾದರೆ ಎಲೆಯ ಎರಡೂ ಮೈ, ಎಲೆಗಳು ರೆಂಬೆಗೆ ಜೋಡಿಕೊಂಡ ಬಗೆ, ತೊಗಟೆ, ಹೂವು ಅಥವಾ ಕಾಯಿ, ಕಾಯಿಯನ್ನು ಅಡ್ಡ ಹಾಗೂ ಉದ್ದಕ್ಕೆ ಕತ್ತರಿಸಿದ ಚಿತ್ರ, ಇಷ್ಟಿರಲಿ. ಒಂದು ಎಲೆಯ ಚಿತ್ರದಿಂದ ಮರ ಹೇಳುವುದು ನನಗೂ ಸಾಧ್ಯವಿಲ್ಲ.

ಸಿಲ್ವರ್ ಓಕ್‌ನ ಸಸ್ಯನಾಮ ಗ್ರೆವಿಲಿಯ ರೋಬಸ್ಟ. ಕ್ವೀನ್ಸ್‌ಲ್ಯಾಂಡ್ ಮತ್ತು ನ್ಯೂ ಸೌತ್ ವೇಲ್ಸ್‌ನ ಪೂರ್ವ ಕರಾವಳಿಯ ಕಾಡುಗಳು ಅದರ ತವರು. ಅಲನ್ ಕನಿಂಗ್‌ಹ್ಯಾಮ್ ಸಂಗ್ರಹಿಸಿದ ಮಾದರಿಗಳನ್ನು ಆಧರಿಸಿ ಸಸ್ಯವಿಜ್ಞಾನಿ ರಾಬರ್ಟ್ ಬ್ರೌನ್ 1830ರಲ್ಲಿ ಅದನ್ನು ವಿವರಿಸಿದ. ಬೇಸಿಗೆಯ ಹೊತ್ತಿಗೆ ನಿಮ್ಮ ತೋಟದಲ್ಲೇ ಅದರ ಹೂಗೊಂಚಲು ನೋಡಿ: ಒಂದೇ ಬದಿಗೆ ಬಾಚಣಿಗೆಯ ಹಲ್ಲುಗಳಂತೆ ಸಾಲಾಗಿ ನಿಂತ ಕಿತ್ತಳೆ ಬಣ್ಣದ ಹೂಗಳು, ತುಂಬಿ ತುಳುಕುವ ಮಕರಂದ, ಸುತ್ತ ಜೇನು ಮತ್ತು ಸೂರಕ್ಕಿಗಳು. ಗಾಳಿಯನ್ನೇ ನಂಬಿದ ಓಕ್ ಹೂವಿಗೆ ಇದು ಪೂರ್ತಿ ವಿರುದ್ಧ. ಬಟ್ಟಲಿಲ್ಲ, ಗಟ್ಟಿ ಕಾಯಿಯೂ ಇಲ್ಲ. ದೋಣಿಯಾಕಾರದ ಚಿಕ್ಕ ಕೋಡು ಒಂದು ಬದಿಗೆ ಬಿರಿದು ರೆಕ್ಕೆಯಿರುವ ಹಗುರ ಬೀಜಗಳನ್ನು ಗಾಳಿಗೆ ಬಿಡುತ್ತದೆ. ಎಲೆ ಜರಿಗಿಡದ ಎಲೆಯಂತೆ ಹರಿದದ್ದು, ಕೆಳಮೈ ಬೆಳ್ಳಿ ಬಣ್ಣ. ಇದು ಪ್ರೋಟಿಯೇಸಿ ಕುಟುಂಬ, ಮಕಾಡಮಿಯ ಬೀಜದ ಮರವೂ ಇದರದ್ದೇ. ಈ ಕುಟುಂಬ ಪ್ರೋಟಿಯೇಲ್ಸ್ ಗಣದಲ್ಲಿದೆ (ಗಣವೆಂದರೆ ಹತ್ತಿರದ ಕುಟುಂಬಗಳ ಗುಂಪು). ನಮ್ಮ ಕೆರೆಯ ತಾವರೆಯೂ ಆ ಗಣದ್ದೇ.

ಇದು ನನಗೆ ಎಷ್ಟು ಸಲ ಹೇಳಿದರೂ ಬೇಸರ ಬಾರದ ವಿಷಯ. ಸಿಲ್ವರ್ ಓಕ್‌ಗೆ ಓಕ್‌ಗಿಂತ ತಾವರೆ ಹತ್ತಿರದ ನೆಂಟ. ನಿಜವಾದ ಓಕ್‌ಗಾದರೋ ಸಿಲ್ವರ್ ಓಕ್‌ಗಿಂತ ನಿಮ್ಮ ಹಿತ್ತಲಿನ ಹಲಸು, ಕಾಡಿನ ಹೊನ್ನೆ ಮತ್ತು ಬೀಟೆ, ಕೊನೆಗೆ ಚಪ್ಪರದ ಸೌತೆಬಳ್ಳಿಯೂ ಹತ್ತಿರದವು. ಓಕ್, ಅಖ್ರೋಟುಗಳ ಗಣ, ಹಲಸು ಮತ್ತು ಆಲಗಳ ಗಣ, ದ್ವಿದಳ ಸಸ್ಯಗಳ ಗಣ, ಸೌತೆ ಕುಂಬಳಗಳ ಗಣ, ಈ ನಾಲ್ಕೂ ಒಂದೇ ದೊಡ್ಡ ಕವಲಿನವು. ಸಿಲ್ವರ್ ಓಕ್‌ನ ಕವಲು ಇವೆಲ್ಲದರಿಂದ ಹತ್ತು ಕೋಟಿ ವರ್ಷಗಳಿಗೂ ಹಿಂದೆ ಬೇರೆಯಾಯಿತು. ಹಾಗಾದರೆ ಅದಕ್ಕೆ ಓಕ್ ಎಂಬ ಹೆಸರು ಏಕೆ? ಅದು ಬಂದದ್ದು ನಾಟಾದಿಂದ. ಕೊಯ್ದ ಹಲಗೆಯ ಮೇಲೆ ಎರಡರಲ್ಲೂ ಹೊಳೆಯುವ ಚಕ್ಕೆಗಳಂಥ ಗೆರೆ ಕಾಣುತ್ತದೆ, ವಸಾಹತು ಕಾಲದ ಮರಕೆಲಸದವರಿಗೆ ಅಷ್ಟು ಸಾಕಾಯಿತು.

ಓಕ್ ಹೆಸರು ಹೊತ್ತ ಇನ್ನೆರಡು ಮರಗಳೂ ನಿಮಗೆ ಪರಿಚಿತವೇ. ಇಂಗ್ಲಿಷಿನವರು ಸಿಲೋನ್ ಓಕ್ ಎನ್ನುವುದು ನಮ್ಮ ಸಾಗಡೆ ಮರವನ್ನು. ಅದು ಅಂಟುವಾಳದ ಕುಟುಂಬದ್ದು. ಅವರ ‘ಶೀ ಓಕ್’ ನಮ್ಮ ಕರಾವಳಿಯ ಗಾಳಿಮರ. ಇದೊಂದು ಮಾತ್ರ ಓಕ್‌ನ ಗಣಕ್ಕೇ ಸೇರುತ್ತದೆ, ನೋಡಲು ಪೈನ್ ಮರದಂತಿದ್ದರೂ.

ಘಟ್ಟದಲ್ಲಿ ಓಕ್ ಏಕಿಲ್ಲ ಎಂಬ ಪ್ರಶ್ನೆಯನ್ನು ನೀವು ಕೇಳಿಲ್ಲ, ಆದರೆ ಉತ್ತರ ಬಿಡಲು ಮನಸ್ಸಾಗುತ್ತಿಲ್ಲ. ಓಕ್‌ನ ಕುಟುಂಬ ಉತ್ತರದ ಭೂಭಾಗಗಳಲ್ಲಿ ಹುಟ್ಟಿ ಬೆಳೆದದ್ದು. ಭಾರತದ ಭೂತುಣುಕು ದಕ್ಷಿಣದಿಂದ ತೇಲಿಬಂದು ಏಷ್ಯಾಕ್ಕೆ ತಾಗಿದ್ದು ಸುಮಾರು ಐದು ಕೋಟಿ ವರ್ಷಗಳ ಹಿಂದೆ. ಆ ನಂತರ ಓಕ್ ಹಿಮಾಲಯದ ಉದ್ದಕ್ಕೂ ಹರಡಿತು, ದಕ್ಷಿಣಕ್ಕೆ ಇಳಿಯಲಿಲ್ಲ. ಅದರ ಕಾಯಿ ಭಾರವಾದದ್ದು, ಹಕ್ಕಿಯೋ ಅಳಿಲೋ ಹೊತ್ತೊಯ್ದಷ್ಟೇ ದೂರ. ಒಣಗಿದರೆ ಸಾಯುತ್ತದೆ. ಗಂಗೆಯ ಬಯಲು ಮತ್ತು ಮಧ್ಯಭಾರತದ ಬಿಸಿ ಒಣನೆಲವನ್ನು ದಾಟಲು ಅದಕ್ಕೆ ದಾರಿಯಿಲ್ಲ. ಆದರೆ ಹಿಮಾಲಯದ ರೋಡೊಡೆಂಡ್ರಾನ್ ಎಂಬ ಹೂಮರ ನೀಲಗಿರಿಯಲ್ಲೂ ಇದೆ, ಅದರ ಬೀಜ ಗಾಳಿಗೆ ಹಾರುವಂತೆ ಧೂಳಿನಷ್ಟು ಸಣ್ಣದು. ಇತ್ತ ನಮ್ಮ ನೆಲದಲ್ಲಿ ಧೂಪದ ಕುಟುಂಬ ಆಗಲೇ ಬೇರೂರಿತ್ತು. ಗುಜರಾತಿನ ಲಿಗ್ನೈಟ್ ಗಣಿಗಳಲ್ಲಿ ಸಿಕ್ಕಿರುವ, ಐದು ಕೋಟಿ ವರ್ಷಗಳಷ್ಟು ಹಳೆಯ ಅಂಬರು ಈ ಕುಟುಂಬದ ಮರಗಳ ಅಂಟು. ಸಾಲುಧೂಪ, ಹೈಗ, ಬೋಗಿ ಎಲ್ಲ ಅದೇ ವಂಶದವು. ಆಗುಂಬೆಯ ಕಾಡಿನಲ್ಲಿ ತಲೆಯೆತ್ತಿ ನೋಡಿದರೆ ಕಾಣುವ ಎತ್ತರದ ನೆತ್ತಿಗಳಲ್ಲಿ ಬಹಳಷ್ಟು ಇವುಗಳದ್ದು.

ಮಲೆನಾಡಿಗೆ ಓಕ್ ಬಂದೇ ಇಲ್ಲವೆಂದಲ್ಲ, ಅಂಗಡಿಯ ಮೂಲಕ ಬಂದಿದೆ. ಬಾಣಂತನದ ಮನೆಗಳಲ್ಲಿ ತೇಯುವ ಮಾಚಿಕಾಯಿ ಗ್ರಂಧಿಗೆ ಅಂಗಡಿಯಲ್ಲಿ ಸಿಗುತ್ತದಲ್ಲ, ಅದು ಓಕ್‌ನದು. ಕಾಯಿ ಎಂದು ಕರೆದರೂ ಅದು ಕಾಯಿಯಲ್ಲ. ಟರ್ಕಿ, ಸಿರಿಯಾ, ಇರಾನ್ ಕಡೆಯ ಕ್ವೆರ್ಕಸ್ ಇನ್ಫೆಕ್ಟೋರಿಯ ಮರದ ಮೊಗ್ಗಿನಲ್ಲಿ ಪುಟ್ಟ ಕಣಜವೊಂದು ಮೊಟ್ಟೆಯಿಟ್ಟಾಗ ಮರ ಅದರ ಸುತ್ತ ಬೆಳೆಸುವ ಗಂಟು. ಕೆಲವು ಮಾಚಿಕಾಯಿಗಳಲ್ಲಿ ಸಣ್ಣ ತೂತು ಕಾಣುತ್ತದೆ, ಕಣಜ ಬೆಳೆದು ಹೊರಹೋದ ದಾರಿ ಅದು. ಅದರ ತೂಕದಲ್ಲಿ ಅರ್ಧದಷ್ಟೋ ಹೆಚ್ಚೋ ಟ್ಯಾನಿನ್. ಆ ಒಗರು ಅದರದ್ದೇ. ಕಬ್ಬಿಣದ ಉಪ್ಪಿನ ಜೊತೆ ಸೇರಿಸಿ ಯುರೋಪಿನವರು ಶತಮಾನಗಳ ಕಾಲ ಬರೆದ ಕಪ್ಪು ಶಾಯಿಯೂ ಇದರಿಂದಲೇ ಆಗುತ್ತಿತ್ತು. ಸೀಸೆಯ ಬಿರಡೆ ಇನ್ನೊಂದು ಓಕ್‌ನ ತೊಗಟೆ, ಕ್ವೆರ್ಕಸ್ ಸ್ಯೂಬರ್‌ನದು.

ಮೇಜಿನ ವಿಷಯ. ಸಿಲ್ವರ್ ಓಕ್ ಮೇಜು ಮಾಡಿಸಿ, ಚೆನ್ನಾಗಿರುತ್ತದೆ, ಓಕ್ ಬೆಲೆ ಮಾತ್ರ ಕೊಡಬೇಡಿ. ಎರಡನ್ನೂ ಗುರುತಿಸಲು ದಿಮ್ಮಿಯ ಅಡ್ಡಕೊಯ್ತದ ಮುಖವನ್ನು ಹರಿತ ಅಲಗಿನಿಂದ ನಯ ಮಾಡಿ ಭೂತಗನ್ನಡಿ ಹಿಡಿಯಿರಿ. ಆಮದಾಗಿ ಬರುವ ಯುರೋಪ್, ಅಮೆರಿಕದ ಓಕ್‌ನಲ್ಲಿ ಪ್ರತಿ ವರ್ಷದ ಉಂಗುರದ ಆರಂಭದಲ್ಲಿ ಬರಿಗಣ್ಣಿಗೂ ಕಾಣುವ ದೊಡ್ಡ ರಂಧ್ರಗಳ ಪಟ್ಟಿ ಇರುತ್ತದೆ. ಸಿಲ್ವರ್ ಓಕ್‌ನಲ್ಲಿ ಅಂಥ ಪಟ್ಟಿ ಇಲ್ಲ, ನಡುವಿನಿಂದ ಹೊರಕ್ಕೆ ಸಾಗುವ ದಪ್ಪ ಕಿರಣರೇಖೆಗಳ ನಡುವೆ ಸಣ್ಣ ರಂಧ್ರಗಳು ತೋರಣ ಕಟ್ಟಿದಂತೆ ಬಾಗಿ ಸಾಲುಗಟ್ಟಿರುತ್ತವೆ. ನಾಟಾ ಓಕ್‌ಗಿಂತ ಹಗುರ, ಗೆದ್ದಲು ಮತ್ತು ಕೊರೆಹುಳುವಿಗೆ ತುತ್ತಾಗುತ್ತದೆ. ಚೆನ್ನಾಗಿ ಒಣಗಿಸಿ, ಔಷಧಿ ಹಾಯಿಸಿ, ಮನೆಯೊಳಗೆ ಬಳಸಿ. ಅದರ ಹೊಟ್ಟು ಕೆಲವರ ಚರ್ಮಕ್ಕೆ ಉರಿ, ತುರಿಕೆ ತರುತ್ತದೆ, ಬಡಗಿಯವರಿಗೆ ತಿಳಿಸಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡವೆಂದು ಬಿಟ್ಟ ಮರಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಇದೆ. ತೋಟದವರು ಅದನ್ನೇ ಇಷ್ಟಪಡಲು ಇದೂ ಒಂದು ಕಾರಣ. ಆದರೆ ಕಡಿದ ಜಾಗದಲ್ಲೆಲ್ಲ ಮತ್ತೆ ಅದನ್ನೇ ನೆಡಬೇಡಿ ಎಂದು ಕೇಳಿಕೊಳ್ಳುತ್ತೇನೆ. ಹೆಬ್ಬಲಸು, ನಂದಿ, ಹೊನ್ನೆ, ಗುಳಮಾವುಗಳನ್ನು ನಡುನಡುವೆ ಬರಮಾಡಿಕೊಳ್ಳಿ. ಒಂದೇ ಜಾತಿಯ ನೆರಳಿನ ತೋಟದಲ್ಲಿ ಹಣ್ಣು ತಿನ್ನುವ ಹಕ್ಕಿಗಳಿಗೆ ಏನೂ ಸಿಗುವುದಿಲ್ಲ.

ಕೊನೆಗೆ ಮಗಳ ಕಾಯಿಗಳು. ಬಾಂಜ್‌ಗೆ ಬೇಕಾದ ಎತ್ತರವೂ ಚಳಿಗಾಲವೂ ನಿಮ್ಮಲ್ಲಿಲ್ಲ, ತಿಂಗಳುಗಟ್ಟಲೆ ಸುರಿಯುವ ಮಳೆ ಅದಕ್ಕೆ ಹೊಂದುವುದಿಲ್ಲ. ತೋಟಕ್ಕೋ ಸೊಪ್ಪಿನ ಬೆಟ್ಟಕ್ಕೋ ನೆಡುವುದು ಬೇಡ. ಕುಂಡದಲ್ಲಿ ಬೆಳೆಸಿ ನೋಡಲು ಅಡ್ಡಿಯಿಲ್ಲ, ಒಂದು ಗಿಡದ ಎಲೆ, ಮೊಗ್ಗು, ರೆಂಬೆಯನ್ನು ದಿನವೂ ನೋಡುವುದಕ್ಕಿಂತ ಒಳ್ಳೆಯ ಪಾಠ ಬೇರೆಯಿಲ್ಲ. ತಡಮಾಡಬಾರದು, ಕಾಯಿ ಒಣಗಿದಷ್ಟೂ ಮೊಳೆಯುವ ಶಕ್ತಿ ಕಳೆದುಕೊಳ್ಳುತ್ತದೆ. ಬಟ್ಟಲು ತೆಗೆದು ನೀರಿಗೆ ಹಾಕಿ, ತೇಲಿದವನ್ನು ಬಿಟ್ಟು ಮುಳುಗಿದವನ್ನು ಆರಿಸಿ. ಆಳವಾದ ಕುಂಡದಲ್ಲಿ, ನೀರು ಬಸಿಯುವ ಮಣ್ಣಿನಲ್ಲಿ, ಕಾಯಿಯನ್ನು ಅಡ್ಡ ಮಲಗಿಸಿ ಎರಡು ಬೆರಳಿನಷ್ಟು ಮಣ್ಣು ಮುಚ್ಚಿ ನೆರಳಿನಲ್ಲಿಡಿ. ಇಲಿ, ಅಳಿಲುಗಳಿಂದ ಕಾಪಾಡಲು ಮೇಲೊಂದು ಜಾಲರಿ ಇರಲಿ. ಓಕ್ ಮೊದಲು ತಾಯಿಬೇರನ್ನು ಆಳಕ್ಕಿಳಿಸುತ್ತದೆ, ಚಿಗುರು ಮೇಲೆ ಬರಲು ವಾರಗಳೇ ಹಿಡಿಯಬಹುದು. ಮೇಲೆ ಏನೂ ಕಾಣಲಿಲ್ಲವೆಂದು ಮಣ್ಣು ಕೆದಕಬಾರದೆಂದು ಅವಳಿಗೆ ಹೇಳಿ.